ಎಂಜಿನ್ ಯಾವ ಕಡೆ ಮುಖ ಮಾಡಬೇಕು

ಹಯಾಬೂಸಾ ಬೈಕಿನ ಎಂಜಿನ್ ಬಿಚ್ಚಿ ನೆಲದ ಮೇಲಿಟ್ಟರೆ ನೋಡಲು ಅಷ್ಟೇನೂ ದೊಡ್ಡದಲ್ಲ. 1299 ಸಿಸಿ, ನಾಲ್ಕು ಸಿಲಿಂಡರು; 1999ರಲ್ಲಿ ಸುಜುಕಿ ಅದನ್ನು ಹೊರತಂದಾಗ 170 ಅಶ್ವಶಕ್ತಿಗೂ ಮೀರಿದ ಬಲ. ಅದೇ ಅಲ್ಯೂಮಿನಿಯಂ ಹೊಟ್ಟೆಯೊಳಗೆ ಕ್ಲಚ್ಚೂ ಇದೆ, ಆರು ಗೇರುಗಳ ಪೆಟ್ಟಿಗೆಯೂ ಇದೆ. ಕಾರಿನಲ್ಲಿ ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ. ಇಲ್ಲಿ ಎಲ್ಲ ಸೇರಿ ಇಬ್ಬರು ಎತ್ತಿ ಬೆಂಚಿನ ಮೇಲಿಡಬಹುದಾದ ಒಂದೇ ಗಂಟು. ಕಾರಿಗೆ ಹಾಕಬೇಕೆಂದರೆ ಇರುವ ದೊಡ್ಡ ಕೊರತೆ ಎರಡು: ರಿವರ್ಸ್ ಗೇರಿಲ್ಲ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಬಲವೆಲ್ಲ ಎಡಗಡೆಗೆ ಚಾಚಿದ ಒಂದು ಗಿಡ್ಡ ಶಾಫ್ಟಿನ ತುದಿಗೆ, ಅದರ ಮೇಲಿನ 17 ಹಲ್ಲಿನ ಸ್ಪ್ರಾಕೆಟ್ಟಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಎರಡು ಹಿಂಚಕ್ರಗಳಿಗೆ ಅದನ್ನು ಹೇಗೆ ಮುಟ್ಟಿಸುವುದು?

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ಒಂದಿಡೀ ಚಳಿಗಾಲ ನಾವು ಮೂವರು ಚರ್ಚಿಸಿದ್ದು ಈ ಒಂದು ಪ್ರಶ್ನೆಯನ್ನು. ಒಬ್ಬರು ಆ ಊರಿನ ನಿವೃತ್ತ ಟೂಲ್‌ಮೇಕರ್. ಗ್ಯಾರೇಜು ಅವರದು, ಲೇತೂ ಅವರದು. ಇನ್ನೊಬ್ಬ ನನ್ನ ಕಚೇರಿಯ ಗೆಳೆಯ. ಸಸ್ಪೆನ್ಷನ್ನಿನ ಲೆಕ್ಕದಲ್ಲಿ ಗಟ್ಟಿಗ. ನಾನು ಬೆಂಗಳೂರಿನಿಂದ ಹೋದವನು, ಚಲಿಸುವ ಬಿಡಿಭಾಗಗಳ ಬಗ್ಗೆ ಬಾಲ್ಯದಿಂದಲೂ ಹುಚ್ಚು ಇದ್ದವನು. ಕಂಪ್ಯೂಟರಿನಲ್ಲಿ ಕಾರು ನೋಡಿ ನೋಡಿ ಬೇಸತ್ತಿದ್ದ ನನಗೆ, ಕೈಗೆ ಗ್ರೀಸು ಮೆತ್ತುವ ಶನಿವಾರ ಬೇಕಿತ್ತು.

ಇಂಗ್ಲೆಂಡಿನಲ್ಲಿ ಮನೆಯಲ್ಲೇ ಕಾರು ಕಟ್ಟುವುದು ಹುಚ್ಚಾಟವೆನಿಸಿಕೊಳ್ಳುವುದಿಲ್ಲ. ಅದೊಂದು ಹಳೆಯ ಪರಂಪರೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿಯೇ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳಬಹುದಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು, 250 ಪೌಂಡಿನಷ್ಟು ಕಡಿಮೆ ಹಣದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದ ಮೇಲೆ, ಚೌಕ ಕೊಳವೆ ಕೊಯ್ದು ಚೌಕಟ್ಟು ಬೆಸೆಯುವವರ ದೊಡ್ಡ ಬಳಗವೇ ಹುಟ್ಟಿತು. ಕವೆಂಟ್ರಿಯ ಪಕ್ಕದ ಸ್ಟೋನ್ಲಿಯಲ್ಲಿ ಪ್ರತಿ ಮೇ ತಿಂಗಳು ನಡೆಯುತ್ತಿದ್ದ ಕಿಟ್ ಕಾರ್ ಪ್ರದರ್ಶನಕ್ಕೆ ಹೋದರೆ ನಮ್ಮ ಊರಿನ ಜಾತ್ರೆಯ ಹುರುಪು. ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸಲು ಅಲ್ಲಿ ಐವಿಎ ಎಂಬ ಪರೀಕ್ಷೆಯಿದೆ. 2009ರಲ್ಲಿ ಹಳೆಯ ಎಸ್‌ವಿಎ ಪರೀಕ್ಷೆಯ ಜಾಗಕ್ಕೆ ಬಂದದ್ದು. ಸ್ಟೀರಿಂಗು, ಬ್ರೇಕು, ದೀಪ, ಹೊಗೆ, ಚೂಪು ಅಂಚುಗಳು, ಎಲ್ಲವನ್ನೂ ಒಬ್ಬ ಪರೀಕ್ಷಕ ಬಗ್ಗಿ ನೋಡುತ್ತಾನೆ. ಪಾಸಾದರೆ ನಂಬರ್ ಪ್ಲೇಟು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನೇ ತಡೆಯುತ್ತದೆ. ಒಬ್ಬ ಸಾಮಾನ್ಯ ಮನುಷ್ಯ ತಾನೇ ಕಟ್ಟಿದ ಕಾರನ್ನು ಪರೀಕ್ಷೆಗೆ ಒಯ್ಯಬಹುದಾದ ದಾರಿಯೊಂದು ನಮ್ಮಲ್ಲೂ ಇರಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ನಾವು ಕೊಂಡದ್ದು ಬರಿಯ ಉಕ್ಕಿನ ಕೊಳವೆಯ ಚೌಕಟ್ಟು. ಇಬ್ಬರು ಕೂರುವ ಜಾಗ, ಸೀಟಿನ ಹಿಂದೆ ಎಂಜಿನ್ನಿಗೆ ಖಾಲಿ ಗೂಡು. ಆ ಗೂಡಿನೊಳಗೆ ಏನು ಮಾಡುವುದೆಂಬುದು ನಮಗೇ ಬಿಟ್ಟದ್ದು.

ಬೈಕ್ ಎಂಜಿನ್ ಹಾಕಿದ ಇಂಗ್ಲಿಷ್ ಕಿಟ್ ಕಾರುಗಳಲ್ಲಿ ಹೆಚ್ಚಿನವು ಮುಂದೆ ಎಂಜಿನ್ ಇರುವ ಸೆವೆನ್ ಮಾದರಿಯವು. ಅವುಗಳಲ್ಲಿ ಎಂಜಿನ್ನನ್ನು ತೊಂಬತ್ತು ಡಿಗ್ರಿ ತಿರುಗಿಸಿ, ಸ್ಪ್ರಾಕೆಟ್ ಇದ್ದ ಎಡಮೈ ಹಿಂದಕ್ಕೆ ಬರುವಂತೆ ಕೂರಿಸುತ್ತಾರೆ. ಸ್ಪ್ರಾಕೆಟ್ ತೆಗೆದು ಅದರ ಜಾಗದಲ್ಲಿ ಒಂದು ಅಡಾಪ್ಟರ್, ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್, ಅದರ ಕೊನೆಗೆ ಫೋರ್ಡ್ ಸಿಯೆರಾ ಕಾರಿನ ಡಿಫರೆನ್ಷಿಯಲ್. ಶಾಫ್ಟ್ ತಿರುಗುವ ದಿಕ್ಕು ಕಾರಿಗೆ ಬೇಕಾದ ದಿಕ್ಕಿಗೇ ಸರಿಹೊಂದುತ್ತದೆ ಎಂಬುದು ಈ ಏರ್ಪಾಡಿನ ದೊಡ್ಡ ಅನುಕೂಲ. ಎಂಜಿನ್ನನ್ನು ಹೀಗೆ ತಿರುಗಿಸದೆ, ಎಡಮೈ ಮುಂದಕ್ಕೆ ಬರುವಂತೆ ತಿರುಗಿಸಿ, ಬಲವನ್ನು ಅಲ್ಲಿಂದ ಹಿಂದಕ್ಕೆ ತಂದರೆ ಆರು ಗೇರಿನಲ್ಲೂ ಕಾರು ಹಿಂದಕ್ಕೇ ಓಡುತ್ತದೆ.

ನನ್ನ ಗೆಳೆಯ ಹೇಳಿದ್ದೂ ಇದನ್ನೇ. ನಡು ಎಂಜಿನ್ ಆದರೇನು, ಉದ್ದುದ್ದ ಕೂರಿಸಿ, ಗಿಡ್ಡ ಶಾಫ್ಟ್ ಹಾಕಿ, ಸಿಯೆರಾ ಡಿಫರೆನ್ಷಿಯಲ್ಲಿಗೆ ಸೇರಿಸೋಣ. ಸಾವಿರಾರು ಜನ ಮಾಡಿ ನೋಡಿದ್ದು, ಗುಜರಿಯಲ್ಲಿ ಅಗ್ಗಕ್ಕೆ ಸಿಗುವಂಥದ್ದು, ಅದರೊಳಗಿನ ಕ್ರೌನ್ ಪಿನಿಯನ್ ಸುಲಭಕ್ಕೆ ಮುರಿಯುವುದಿಲ್ಲ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕಾಗದದ ಮೇಲೆ ಬಿಡಿಸುತ್ತಾ ಹೋದಂತೆ ಮೂರು ತೊಡಕು ಒಂದೊಂದಾಗಿ ಎದ್ದವು.

ಮೊದಲನೆಯದು ಉದ್ದ. ಎಂಜಿನ್ ಅಗಲವೆಲ್ಲ ಈಗ ಕಾರಿನ ಉದ್ದಕ್ಕೆ ಸೇರುತ್ತದೆ. ಅದರ ಹಿಂದೆ ಶಾಫ್ಟು, ಅದರ ಎರಡು ತುದಿಗೂ ಜಾಯಿಂಟ್ ಕ್ರಾಸು, ಅದರ ಹಿಂದೆ ಡಿಫರೆನ್ಷಿಯಲ್ಲಿನ ಮೂತಿ. ಹಿಂಚಕ್ರದ ಗೆರೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ, ಇಲ್ಲವೇ ಸೀಟು ಮುಂದಕ್ಕೆ ಹೋಗಿ ಚಾಲಕನ ಪಾದ ಮುಂಚಕ್ರದ ಆಚೆಗೆ ಸೇರುತ್ತದೆ. ಶಾಫ್ಟನ್ನು ತೀರಾ ಗಿಡ್ಡ ಮಾಡಿದರೆ ಬಲಕ್ಕೆ ಸರಿದಿರುವ ಔಟ್‌ಪುಟ್ ಶಾಫ್ಟಿಗೂ ನಡುವಿನ ಪಿನಿಯನ್ನಿಗೂ ನಡುವೆ ಕೋನ ಹೆಚ್ಚಾಗಿ ಜಾಯಿಂಟುಗಳು ನಡುಗುತ್ತವೆ.

ಎರಡನೆಯದು ತಿರುವು. ಬೈಕಿನ ಎಂಜಿನ್ನಿನಲ್ಲಿ ಕ್ರ್ಯಾಂಕು, ಗೇರ್ ಶಾಫ್ಟುಗಳು, ಹಿಂಚಕ್ರದ ಆಕ್ಸಲ್, ಎಲ್ಲವೂ ಒಂದಕ್ಕೊಂದು ಸಮಾನಾಂತರ. ಬಲ ಎಲ್ಲೂ ಮೂಲೆ ತಿರುಗಬೇಕಿಲ್ಲ. ಅಂಥ ಎಂಜಿನ್ನನ್ನು ನಾವೇ ಉದ್ದುದ್ದ ತಿರುಗಿಸಿ, ಆಮೇಲೆ ಕ್ರೌನ್ ಪಿನಿಯನ್ ಹಾಕಿ ಬಲವನ್ನು ಮತ್ತೆ ತೊಂಬತ್ತು ಡಿಗ್ರಿ ತಿರುಗಿಸುವುದೆಂದರೆ ಎಣ್ಣೆ ಬಿಸಿ ಮಾಡಲು ಪೆಟ್ರೋಲ್ ಸುಟ್ಟಂತೆ. ಜೊತೆಗೆ ಸಿಯೆರಾದ್ದು ಎರಕದ ಕಬ್ಬಿಣದ ಭಾರೀ ಗಡ್ಡೆ. ಇಡೀ ಕಾರೇ 500 ಕೆ.ಜಿ.ಯ ಆಸುಪಾಸು ಇರಬೇಕೆಂದು ಹೊರಟಾಗ ಹಿಂದಿನ ಆ ಭಾರ ಕಣ್ಣಿಗೆ ಕುಕ್ಕುತ್ತದೆ.

ಮೂರನೆಯದೇ ಮುಖ್ಯ: ಗೇರ್ ಅನುಪಾತ. ಈ ಲೆಕ್ಕವನ್ನು ಅವತ್ತು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆವು. ಹಯಾಬೂಸಾದ ಒಳಗಿನ ಪ್ರೈಮರಿ ಅನುಪಾತ 1.596, ಆರನೇ ಗೇರು 1.043. ಬೈಕಿನಲ್ಲಿ ಅದರ ಮುಂದೆ 17ಕ್ಕೆ 40 ಹಲ್ಲಿನ ಚೈನು, ಅಂದರೆ 2.35. ನಮ್ಮ 185/60 ಅಳತೆಯ 13 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು 1.73 ಮೀಟರ್ ಉರುಳುತ್ತದೆ. ಸಿಯೆರಾ ಡಿಫರೆನ್ಷಿಯಲ್ ಸಿಗುವುದು ಸಾಮಾನ್ಯವಾಗಿ 3.14, 3.38, 3.62, 3.92 ಎಂಬ ಅನುಪಾತಗಳಲ್ಲಿ. 3.92 ಹಾಕಿದರೆ ಆರನೇ ಗೇರಿನಲ್ಲಿ ಎಂಜಿನ್ 10,000 ಸುತ್ತು ತಿರುಗಿದರೂ ಕಾರು 160 ಕಿ.ಮೀ. ಆಸುಪಾಸಿಗೆ ನಿಲ್ಲುತ್ತದೆ; 3.62 ಹಾಕಿದರೆ 173. 3.92 ಇದ್ದರೆ ಮೋಟಾರುದಾರಿಯಲ್ಲಿ ಸುಮ್ಮನೆ 110ರಲ್ಲಿ ಹೋಗುವಾಗಲೂ ಕಿವಿಯ ಹಿಂದೆ ಎಂಜಿನ್ ಏಳು ಸಾವಿರಕ್ಕೆ ಹತ್ತಿರ ಕಿರುಚುತ್ತಿರುತ್ತದೆ. ಸಿಗುವುದರಲ್ಲೆಲ್ಲ ಉದ್ದವಾದ 3.14 ಸಿಕ್ಕರೂ 200ರ ಹತ್ತಿರ ಬಂದು ಮುಗಿಯುತ್ತದೆ. ಬೇರೆ ಅನುಪಾತ ಬೇಕೆಂದರೆ ಡಿಫರೆನ್ಷಿಯಲ್ಲನ್ನೇ ಬದಲಿಸಬೇಕು. ಚೈನಾದರೆ? 48 ಹಲ್ಲಿನ ಹಿಂದಿನ ಸ್ಪ್ರಾಕೆಟ್ ಹಾಕಿದರೆ 220. ಸಣ್ಣ ಟ್ರ್ಯಾಕಿಗೆ ಹೋಗುವ ದಿನ 54 ಹಲ್ಲಿನದು ಹಾಕಿದರೆ 197. ಬದಲಿಸಲು ಕೆಲವು ಬೋಲ್ಟು, ಚೈನಿಗೆ ಒಂದಷ್ಟು ಕೊಂಡಿ.

ಟೂಲ್‌ಮೇಕರ್ ಅಲ್ಲಿಯವರೆಗೆ ಚಹಾ ಕುಡಿಯುತ್ತಾ ಸುಮ್ಮನೆ ಕೇಳುತ್ತಿದ್ದವರು, ಲೆಕ್ಕ ಮುಗಿದ ಮೇಲೆ ಕೂಪರ್ ಕಾರಿನ ಕಥೆ ತೆಗೆದರು. ಅದು ಅವರ ಹುಡುಗತನದ ಕಾರು. ನನಗೆ ಚೈನಿನ ಮೇಲೆ ಗೌರವ ಹುಟ್ಟಿದ್ದು ಆ ಕಥೆಯಿಂದ.

1946. ಯುದ್ಧ ಮುಗಿದಿದೆ, ಪೆಟ್ರೋಲಿಗೆ ರೇಷನ್, ದುಡ್ಡಿಲ್ಲ. ಲಂಡನ್ನಿನ ಹೊರವಲಯದ ಸರ್ಬಿಟನ್‌ನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಕೂಪರ್ 500 ಸಿಸಿಯ ಅಗ್ಗದ ರೇಸ್ ಕಾರೊಂದನ್ನು ಕಟ್ಟುತ್ತಾರೆ. ಎರಡು ಹಳೆಯ ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿ ಚೌಕಟ್ಟು. ಎಂಜಿನ್ ಜೆಎಪಿ ಕಂಪನಿಯ ಬೈಕಿನದು. ಬೈಕಿನಲ್ಲಿ ಚೈನು ಹಿಂಚಕ್ರಕ್ಕೆ ಹೋಗುತ್ತದೆ, ಹಾಗಾಗಿ ಎಂಜಿನ್ನನ್ನು ಹಿಂಚಕ್ರಗಳ ಹತ್ತಿರ, ಚಾಲಕನ ಬೆನ್ನ ಹಿಂದೆ ಇಟ್ಟರು. ಎಂಜಿನ್ನಿನಿಂದ ಬೈಕಿನ ಗೇರ್‌ಬಾಕ್ಸಿಗೆ ಒಂದು ಚೈನು, ಅಲ್ಲಿಂದ ಹಿಂದಿನ ಆಕ್ಸಲ್ಲಿಗೆ ಇನ್ನೊಂದು. ಡಿಫರೆನ್ಷಿಯಲ್ ಇಲ್ಲವೇ ಇಲ್ಲ. ಎಂಜಿನ್ನನ್ನು ಹಿಂದೆ ಇಟ್ಟದ್ದು ಸುಲಭಕ್ಕಾಗಿ, ಭಾರದ ಹಂಚಿಕೆಯ ಯಾವ ದೊಡ್ಡ ಸಿದ್ಧಾಂತವೂ ಅದರ ಹಿಂದೆ ಇರಲಿಲ್ಲ. ಆದರೆ ಆ ಕಾರು ತಿರುವುಗಳಲ್ಲಿ ತಿರುಗಿದ ರೀತಿಯೇ ಬೇರೆಯಾಗಿತ್ತು. 1948ರಲ್ಲಿ ಹದಿಹರೆಯದ ಸ್ಟರ್ಲಿಂಗ್ ಮಾಸ್ ಇಂಥದ್ದೊಂದು ಕೂಪರ್ ಓಡಿಸುತ್ತಿದ್ದರು. ಹತ್ತು ವರ್ಷದ ನಂತರ, 1958ರ ಅರ್ಜೆಂಟೀನಾ ಗ್ರ್ಯಾನ್ ಪ್ರಿಯನ್ನು ಅದೇ ಮಾಸ್ ಗೆದ್ದದ್ದು ಬೆನ್ನ ಹಿಂದೆ ಎಂಜಿನ್ ಇದ್ದ ಕೂಪರ್ ಕಾರಿನಲ್ಲಿ. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅಂಥ ಕಾರಿಗೆ ಅದೇ ಮೊದಲ ಗೆಲುವು. 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಭಮ್ ಕೂಪರ್ ಕಾರಿನಲ್ಲೇ ಚಾಂಪಿಯನ್ ಆದರು. ಅಲ್ಲಿಗೆ ಮುಂದೆ ಎಂಜಿನ್ ಇರುವ ಫಾರ್ಮುಲಾ ಒನ್ ಕಾರಿನ ಕಾಲ ಮುಗಿಯಿತು. ಇವತ್ತು ಟಿವಿಯಲ್ಲಿ ನೋಡುವ ಪ್ರತಿ ಗ್ರ್ಯಾನ್ ಪ್ರಿ ಕಾರಿನ ವಂಶವೃಕ್ಷದ ಬುಡದಲ್ಲಿ ಒಂದು ಬೈಕಿನ ಚೈನು ಇದೆ.

ಚೈನೆಂದರೆ ಕಾರಿಗೆ ಕೀಳು, ಅದು ಬೈಕಿಗೂ ಸೈಕಲ್ಲಿಗೂ ಸರಿ ಎಂಬ ಭಾವನೆ ಎಂಜಿನಿಯರುಗಳಲ್ಲೂ ಇದೆ. ನಾವಿದ್ದ ಊರೇ ಅದಕ್ಕೆ ಉತ್ತರ ಹೇಳುತ್ತಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹಿಂಚಕ್ರಕ್ಕೆ ಚೈನು ಹಾಕಿದ ರೋವರ್ ಸೈಕಲ್ ಮಾಡಿದ್ದು ಕವೆಂಟ್ರಿಯಲ್ಲಿ; ಆ ಮೇಲೆ ಸೈಕಲ್ಲಿನಿಂದ ಬೈಕಿಗೂ ಬೈಕಿನಿಂದ ಕಾರಿಗೂ ಬೆಳೆದ ಊರು ಅದು. ಹೋಂಡಾ ಕಂಪನಿ ತನ್ನ ಮೊದಲ ಸ್ಪೋರ್ಟ್ಸ್ ಕಾರು ಎಸ್500 ಅನ್ನು 1963ರಲ್ಲಿ ಮಾರಾಟಕ್ಕಿಟ್ಟಾಗ ಪ್ರತಿ ಹಿಂಚಕ್ರಕ್ಕೂ ಒಂದೊಂದು ಚೈನು ಕೊಟ್ಟಿತ್ತು. ಎಣ್ಣೆ ತುಂಬಿದ ಚೈನಿನ ಪೆಟ್ಟಿಗೆಯೇ ಸಸ್ಪೆನ್ಷನ್ನಿನ ತೋಳಾಗಿಯೂ ಕೆಲಸ ಮಾಡುತ್ತಿತ್ತು. ಕಾರಿನಲ್ಲಿ ಚೈನಿಗೆ ಇನ್ನೊಂದು ಅನುಕೂಲವೂ ಇದೆ. ಬೈಕಿನಲ್ಲಿ ಹಿಂಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಚೈನಿನ ಬಿಗಿತ ಬದಲಾಗುತ್ತದೆ, ಅದಕ್ಕಾಗಿಯೇ ಸಡಿಲ ಬಿಡಬೇಕು. ನಮ್ಮ ಏರ್ಪಾಡಿನಲ್ಲಿ ಡಿಫರೆನ್ಷಿಯಲ್ ಅಲುಗದಂತೆ ಕೂತಿರುತ್ತದೆ. ಚಕ್ರದ ಏರಿಳಿತವನ್ನು ಎರಡು ಡ್ರೈವ್ ಶಾಫ್ಟುಗಳು ನುಂಗಿಕೊಳ್ಳುತ್ತವೆ. ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಬದಲಾಗುವುದೇ ಇಲ್ಲ.

ಚೈನು ಎಂದು ತೀರ್ಮಾನವಾದ ಮೇಲೆ ಉಳಿದದ್ದು, ಅದು ಎಳೆಯುವುದು ಯಾವುದನ್ನು ಎಂಬ ಪ್ರಶ್ನೆ. ಕೂಪರ್‌ನಂತೆ ಡಿಫರೆನ್ಷಿಯಲ್ ಇಲ್ಲದ ಒಂಟಿ ಆಕ್ಸಲ್ ಹಗುರ, ಅಗ್ಗ, ಮುರಿಯುವಂಥದ್ದೇನೂ ಇಲ್ಲ. ಗುಡ್ಡ ಹತ್ತುವ ರೇಸಿಗೆ, ಕಾರ್ಟಿಗೆ ಅದು ನಡೆಯುತ್ತದೆ. ಆದರೆ ಹೆಜ್ಜೆಗೊಂದು ವೃತ್ತವಿರುವ ಇಂಗ್ಲೆಂಡಿನ ರಸ್ತೆಯಲ್ಲಿ ಒಳಚಕ್ರವೂ ಹೊರಚಕ್ರವೂ ಒಂದೇ ವೇಗದಲ್ಲಿ ತಿರುಗಿದರೆ ಟೈರು ಉಜ್ಜುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಎಳೆಯುತ್ತದೆ. ನಾವು ಕೊಂಡದ್ದು ಕ್ವೈಫ್ ಕಂಪನಿಯವರು ಚೈನಿಗೆಂದೇ ಮಾಡುವ ಹೆಲಿಕಲ್ ಗೇರುಗಳ ಡಿಫರೆನ್ಷಿಯಲ್. ಸ್ಪ್ರಾಕೆಟ್ಟು ನೇರವಾಗಿ ಅದರ ಮೈಗೇ ಬೋಲ್ಟಾಗುತ್ತದೆ. ಒಂದು ಚಕ್ರ ಜಾರತೊಡಗಿದರೆ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ದಾಟಿಸುತ್ತದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಮಾತ್ರ ಸಾಮಾನ್ಯ ಡಿಫರೆನ್ಷಿಯಲ್ಲಿನಂತೆಯೇ ಸೋಲುತ್ತದೆ. ಇಡೀ ಕಾರಿನಲ್ಲಿ ದುಬಾರಿಯಾದ ಒಂದೇ ಹೊಸ ವಸ್ತು ಅದು. ಕೊಟ್ಟ ಹಣ ಸಾರ್ಥಕ.

ಇನ್ನು ಅದನ್ನು ಹಿಡಿದಿಡುವ ಬಗೆ. ಹೆಚ್ಚಿನವರು ಅಸಡ್ಡೆ ಮಾಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 138 ನ್ಯೂಟನ್ ಮೀಟರ್. ಪ್ರೈಮರಿ ಮತ್ತು 2.615ರ ಮೊದಲ ಗೇರು ದಾಟಿ ಬರುವಾಗ ಅದು 576 ಆಗುತ್ತದೆ. 17 ಹಲ್ಲಿನ ಸ್ಪ್ರಾಕೆಟ್ಟಿನ ತ್ರಿಜ್ಯ ಬರೀ 43 ಮಿಲಿಮೀಟರ್. ಭಾಗಿಸಿದರೆ, ಚೈನಿನ ಮೇಲಿನ ಎಳೆತ 1,300 ಕೆ.ಜಿ.ಯನ್ನೂ ಮೀರುತ್ತದೆ. ಕಾರಿನ ತೂಕದ ಎರಡು ಪಟ್ಟಿಗೂ ಹೆಚ್ಚಿನ ಆ ಎಳೆತ ಡಿಫರೆನ್ಷಿಯಲ್ಲನ್ನು ಎಂಜಿನ್ನಿನ ಕಡೆಗೆ ಸೆಳೆಯುತ್ತದೆ, ಅದೂ ನಡುವಿಗೆ ಸೆಳೆಯುವುದಿಲ್ಲ, ಸ್ಪ್ರಾಕೆಟ್ ಇರುವ ಒಂದು ಬದಿಗೆ. ಆ ಬದಿಯ ಬೇರಿಂಗ್ ಗೂಡು ಒಂದು ಮಿಲಿಮೀಟರ್ ಮುಂದಕ್ಕೆ ಬಾಗಿದರೂ ಸ್ಪ್ರಾಕೆಟ್ ಓರೆಯಾಗುತ್ತದೆ. ಚೈನಿನ ಪಕ್ಕದ ತಗಡುಗಳು ಹಲ್ಲಿನ ಮೈಗೆ ಉಜ್ಜಿ ಹೊಳೆಯತೊಡಗುತ್ತವೆ. ಅಂಥ ಚೈನು ಬಹಳ ದಿನ ಬಾಳುವುದಿಲ್ಲ, ಮತ್ತು ಅದು ತುಂಡಾಗುವ ಜಾಗ ನಿಮ್ಮ ಬೆನ್ನಿನಿಂದ ಎರಡಡಿ ದೂರದಲ್ಲಿದೆ.

ಟೂಲ್‌ಮೇಕರ್ ಇದನ್ನು ಮೊದಲ ದಿನದಿಂದಲೇ ಹೇಳುತ್ತಿದ್ದರು: ಡಿಫರೆನ್ಷಿಯಲ್ಲಿನ ಎರಡು ಬೇರಿಂಗ್ ಗೂಡುಗಳನ್ನು ಎಂಜಿನ್ನಿನ ಹಿಂದಿನ ಬೋಲ್ಟುಗಳಿಗೇ ದಪ್ಪ ಅಲ್ಯೂಮಿನಿಯಂ ತಟ್ಟೆಗಳಿಂದ ಬಿಗಿಯಬೇಕು, ಚೌಕಟ್ಟನ್ನು ನಂಬಬಾರದು. ಹಾಗೆ ಮಾಡಿದಾಗ ಚೈನಿನ ಎಳೆತ ಎಂಜಿನ್ನಿನಿಂದ ತಟ್ಟೆಗೆ, ತಟ್ಟೆಯಿಂದ ಮರಳಿ ಎಂಜಿನ್ನಿಗೆ ಸುತ್ತುತ್ತದೆ; ಚೌಕಟ್ಟಿನ ತೆಳ್ಳನೆ ಕೊಳವೆಗಳಿಗೆ ಅದರ ಗೊಡವೆಯೇ ಇಲ್ಲ. ಚೈನು ಬಿಗಿ ಮಾಡಲು ಗೂಡುಗಳನ್ನು ಕೇಂದ್ರ ತಪ್ಪಿದ ವೃತ್ತದಲ್ಲಿ ಕೊರೆದು ಕೊಟ್ಟರು; ಎರಡೂ ಬದಿಯನ್ನು ಒಂದೇ ಅಳತೆಗೆ ತಿರುಗಿಸಿದರೆ ಡಿಫರೆನ್ಷಿಯಲ್ ನೇರವಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಮುನ್ನವೇ ಒಂದು ಪರೀಕ್ಷೆ: ಮುಂದಿನ ಸ್ಪ್ರಾಕೆಟ್ ತಿರುಗದಂತೆ ಬಂಧಿಸಿ, ಚಕ್ರದ ಹಬ್ಬಿಗೆ ಉದ್ದನೆ ಕಬ್ಬಿಣದ ಸಲಾಕೆ ಕೊಟ್ಟು ನಾನೂ ಗೆಳೆಯನೂ ನೇತಾಡಿದೆವು, ಅವರು ಬೇರಿಂಗ್ ಗೂಡಿಗೆ ಡಯಲ್ ಗೇಜ್ ಹಿಡಿದು ಮುಳ್ಳು ಎಷ್ಟು ಸರಿಯುತ್ತದೆಂದು ನೋಡಿದರು. ಮುಳ್ಳು ಕಂಡೂ ಕಾಣದಷ್ಟೇ ಅಲುಗಿತು. ಅವರು ತಲೆಯಾಡಿಸಿ ಗೇಜನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು. ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿನಲ್ಲಿ ನನಗೆ ಸಿಗದ ಪಾಠ ಆ ಮಧ್ಯಾಹ್ನ ಸಿಕ್ಕಿತು.

ಎಂಜಿನ್ ಅಡ್ಡ ಕೂತು ಸ್ಪ್ರಾಕೆಟ್ ಎಡಕ್ಕಿದ್ದರಿಂದ ಡಿಫರೆನ್ಷಿಯಲ್ಲನ್ನು ಸರಿಯಾಗಿ ನಡುವಿಗೆ ತರುವುದು ಕಷ್ಟ. ಎಂಜಿನ್ನನ್ನು ಬಲಕ್ಕೆ ಸರಿಸಿದರೆ ಸ್ಪ್ರಾಕೆಟ್ ನಡುವಿಗೆ ಬರುತ್ತದೆ, ಆದರೆ ಚಾಲಕ ಕೂರುವುದೂ ಬಲಕ್ಕೇ. ಎರಡು ಭಾರವೂ ಒಂದೇ ಬದಿಗೆ ಬೀಳುತ್ತವೆ. ನಾವು ಎಂಜಿನ್ನನ್ನು ನಡುವಿಗಿಟ್ಟು, ಡಿಫರೆನ್ಷಿಯಲ್ ಎಡಕ್ಕೆ ಸರಿದು ಎರಡು ಡ್ರೈವ್ ಶಾಫ್ಟುಗಳು ಬೇರೆ ಬೇರೆ ಉದ್ದ ಆಗುವುದನ್ನು ಒಪ್ಪಿಕೊಂಡೆವು. ಗಿಡ್ಡ ಶಾಫ್ಟಿನ ಜಾಯಿಂಟಿಗೆ ಕೋನ ಜಾಸ್ತಿ, ಆದರೆ ಸಸ್ಪೆನ್ಷನ್ನಿನ ಏರಿಳಿತ ಕಡಿಮೆಯಿರುವ ಕಾರಿನಲ್ಲಿ ಅದು ತಡೆಯುತ್ತದೆ.

ರಿವರ್ಸಿನ ವಿಷಯದಲ್ಲಿ ನನಗೆ ನೆನಪಾದದ್ದು ಬೆಂಗಳೂರಿನ ಆಟೋ. ಬಜಾಜ್ ಆಟೋದಲ್ಲಿ ಎಂಜಿನ್ ಹಿಂದೆ, ಅದೇ ಗಂಟಿನಲ್ಲಿ ನಾಲ್ಕು ಗೇರು, ಒಂದು ರಿವರ್ಸು, ಡಿಫರೆನ್ಷಿಯಲ್. ಅಲ್ಲಿಂದ ಎರಡು ಗಿಡ್ಡ ಶಾಫ್ಟು ಎರಡು ಚಕ್ರಕ್ಕೆ. ಒಬ್ಬ ಮೆಕ್ಯಾನಿಕ್ ರಸ್ತೆಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತು ಇಳಿಸಿ ಏರಿಸಬಲ್ಲ ಏರ್ಪಾಡು. ನಾವು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡ ಸಮಸ್ಯೆಗೆ ಆಟೋ ಕಟ್ಟಿದವರು ಎಷ್ಟು ಅಚ್ಚುಕಟ್ಟಾದ ಉತ್ತರ ಕೊಟ್ಟಿದ್ದಾರೆಂದು ಆ ಇಬ್ಬರಿಗೆ ಚಿತ್ರ ಬಿಡಿಸಿ ತೋರಿಸಿದ್ದೆ. ಬೈಕಿನ ಎಂಜಿನ್ನಿಗೆ ಆ ಭಾಗ್ಯವಿಲ್ಲ. ರಸ್ತೆಗಿಳಿಯುವ ಕಾರಿಗೆ ರಿವರ್ಸ್ ಬೇಕೇ ಬೇಕು. ಎಂಜಿನ್ನಿಗೂ ಡಿಫರೆನ್ಷಿಯಲ್ಲಿಗೂ ನಡುವೆ ಹಾಕುವ ರಿವರ್ಸ್ ಪೆಟ್ಟಿಗೆಗಳು ಸಿಗುತ್ತವೆ. ಆದರೆ ವರ್ಷಕ್ಕೆ ನಾಲ್ಕು ಸಲ ಹಿಂದೆ ಹೋಗುವ ಸಲುವಾಗಿ ಮುಂದೆ ಹೋಗುವ ಬಲವೆಲ್ಲ ಸದಾ ಅದರ ಮೂಲಕವೇ ಹಾಯಬೇಕು. ನಾವು ಹಾಕಿದ್ದು ವಿದ್ಯುತ್ ರಿವರ್ಸ್: ಹಿಂದಿನ ಸ್ಪ್ರಾಕೆಟ್ಟಿನ ಪಕ್ಕ ಒಂದು ರಿಂಗ್ ಗೇರು, ಅದನ್ನು ಕಚ್ಚುವ ಕಾರಿನ ಸ್ಟಾರ್ಟರ್ ಮೋಟಾರು. ಗೇರು ನ್ಯೂಟ್ರಲ್ಲಿನಲ್ಲಿ ಇದ್ದರಷ್ಟೇ ಮೋಟಾರಿಗೆ ವಿದ್ಯುತ್ ಹೋಗುವಂತೆ ಸ್ವಿಚ್ಚು. ಹಿಂದಕ್ಕೆ ಮೆಲ್ಲಗೆ ತೆವಳುತ್ತದೆ, ಪಾರ್ಕಿಂಗಿಗೆ ಸಾಕು.

ಕ್ಲಚ್ಚಿಗೆ ಗಟ್ಟಿ ಸ್ಪ್ರಿಂಗು, ಗೇರಿಗೆ ಚಾಲಕನ ಪಕ್ಕದಿಂದ ಹಿಂದಕ್ಕೆ ಒಂದು ಸಲಾಕೆ. ಇವೆಲ್ಲ ಬೇಗ ಮುಗಿದವು. ಕಾಡಿದ್ದು ಎಣ್ಣೆ. ಬೈಕು ತಿರುವಿನಲ್ಲಿ ವಾಲುತ್ತದೆ, ಹಾಗಾಗಿ ಎಂಜಿನ್ನಿನ ಪಾಲಿಗೆ ಎಣ್ಣೆ ಯಾವಾಗಲೂ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ, ಉದ್ದನೆಯ ತಿರುವಿನಲ್ಲಿ ಎಣ್ಣೆ ಓರೆ ಬಾಳೆಲೆಯ ಮೇಲಿನ ಸಾರಿನಂತೆ ಒಂದೇ ಬದಿಗೆ ಹರಿದು, ಹೀರುವ ಕೊಳವೆಯ ಬಾಯಿ ಒಣಗುತ್ತದೆ. ಹತ್ತು ಸಾವಿರ ಸುತ್ತಿನಲ್ಲಿ ತಿರುಗುವ ಬೇರಿಂಗಿಗೆ ಎಣ್ಣೆ ಕ್ಷಣ ತಪ್ಪಿದರೂ ಎಂಜಿನ್ ಹೋಯಿತೆಂದೇ ಲೆಕ್ಕ. ಒಂದೇ ಕಡೆಗೆ ತೆರೆಯುವ ಬಾಗಿಲುಗಳಿರುವ ಅಡ್ಡಗೋಡೆಗಳನ್ನು ಸಂಪಿನೊಳಗೆ ಹಾಕಿ, ಕಣ್ಣೆದುರಿಗೇ ಎಣ್ಣೆಯ ಒತ್ತಡದ ದೊಡ್ಡ ಕೆಂಪು ದೀಪವಿಟ್ಟೆವು. ಡ್ರೈ ಸಂಪ್ ಇನ್ನೂ ಒಳ್ಳೆಯದು. ಕಿಸೆ ಅಷ್ಟು ಆಳವಿರಲಿಲ್ಲ.

ಲಿಚ್‌ಫೀಲ್ಡ್ ಬಳಿಯ ಕರ್ಬರೋ ಸ್ಪ್ರಿಂಟ್ ಟ್ರ್ಯಾಕಿನಲ್ಲಿ ಆ ಕಾರನ್ನು ಓಡಿಸಿದಾಗ ಅನುಭವಕ್ಕೆ ಬಂದದ್ದೇನೆಂದರೆ, ಚೈನಿನ ಕಾರಿನಲ್ಲಿ ಕಾಲಿಗೂ ಚಕ್ರಕ್ಕೂ ನಡುವೆ ಏನೂ ಇಲ್ಲವೆನಿಸುವ ನೇರತನ. ಆಕ್ಸಿಲರೇಟರ್ ಒತ್ತಿದ ಕ್ಷಣವೇ ಬೆನ್ನಿಗೆ ತಳ್ಳು. ಬಿಟ್ಟ ಕ್ಷಣವೇ ಹಿಡಿತ. ಶಾಫ್ಟ್, ಪಿನಿಯನ್ನುಗಳ ಸಂದಿಗಳಲ್ಲಿ ಬಲ ಒಂದು ಗಳಿಗೆ ಕಾಯುವುದಿಲ್ಲ. ಚೈನಿನ ಗಿರಗಿರ ಸದ್ದಂತೂ ಇದೆ, ಎಣ್ಣೆಯ ಹನಿಗಳು ಹಿಂದಿನ ತಗಡಿಗೆಲ್ಲ ಸಿಡಿಯುತ್ತವೆ, ಪ್ರತಿ ಓಟದ ನಂತರ ಬಗ್ಗಿ ಬಿಗಿತ ನೋಡಬೇಕು. ದಿನಾ ಕಚೇರಿಗೆ ಹೋಗಲು ಕಾರು ಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ. ನನಗೆ ಒಗ್ಗಿತು. ದಪ್ಪ ತಗಡಿನ ಚೈನ್ ಕವಚವೊಂದನ್ನು ನಮ್ಮ ಬೆನ್ನಿಗೂ ಪೆಟ್ರೋಲ್ ಟ್ಯಾಂಕಿಗೂ ಅಡ್ಡವಾಗಿ ಕೂರಿಸಿದ್ದೆವು. ಅದಿಲ್ಲದೆ ಆ ಕಾರಿನಲ್ಲಿ ನಾನು ಯಾರನ್ನೂ ಕೂರಿಸುತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಕಟ್ಟುವ ಫಾರ್ಮುಲಾ ಸ್ಟೂಡೆಂಟ್ ಕಾರುಗಳನ್ನು ನೋಡುತ್ತಿದ್ದೇನೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ಅಂಥ ತಂಡಗಳಲ್ಲೊಂದು. ಕೊಯಮತ್ತೂರಿನ ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ದೇಶದ ನಾನಾ ಕಡೆಯಿಂದ ತಂಡಗಳು ಬರುತ್ತವೆ. ಅವರಲ್ಲಿ ಅನೇಕರ ಕೈಲಿರುವುದು ಹಳೆಯ ಕೆಟಿಎಂ 390 ಡ್ಯೂಕ್ ಬೈಕಿನ 373 ಸಿಸಿ ಎಂಜಿನ್. ನಿಯಮದ ಪ್ರಕಾರ ಆ ಎಂಜಿನ್ 20 ಮಿಲಿಮೀಟರ್ ತೂತಿನ ಮೂಲಕವೇ ಉಸಿರಾಡಬೇಕು, ಆದ್ದರಿಂದ ಬಲ ಹೆಚ್ಚಿಸಲು ಅವರು ಪಡುವ ಪಾಡು ನನಗೆ ಅರ್ಥವಾಗುತ್ತದೆ. ಎಂಜಿನ್ ಬೆನ್ನ ಹಿಂದೆ, ಅಡ್ಡಲಾಗಿ, ಅಲ್ಲಿಂದ ಚೈನು: 1946ರ ಕೂಪರ್‌ನ ಹಾದಿಯೇ. ಆದರೆ ಕೆಲವು ತಂಡಗಳು ಚೌಕಟ್ಟನ್ನು ಪೂರ್ತಿ ಬೆಸೆದು ಮುಗಿಸಿದ ಮೇಲೆ ಡಿಫರೆನ್ಷಿಯಲ್ಲಿಗೆ ಉಳಿದ ಸಂದಿಯಲ್ಲಿ ಜಾಗ ಹುಡುಕುತ್ತವೆ. ಆಗ ಬೇರಿಂಗ್ ಗೂಡು ತೆಳ್ಳಗಾಗುತ್ತದೆ, ದೊಡ್ಡ ಸ್ಪ್ರಾಕೆಟ್ ಕೊಳವೆಗೆ ತಾಗುತ್ತದೆ, ಚೈನು ಬಿಗಿ ಮಾಡುವ ವ್ಯವಸ್ಥೆ ಕೊನೆಯ ರಾತ್ರಿಯ ಜೋಡಣೆಯಾಗುತ್ತದೆ.

ಆ ತಂಡಗಳಲ್ಲಿರುವವರಿಗೆ ನನ್ನದೊಂದು ಕೋರಿಕೆ. ಮೊದಲ ಗೆರೆ ಎಳೆಯುವಾಗ ಎರಡು ಸ್ಪ್ರಾಕೆಟ್ಟುಗಳ ಗೆರೆಯನ್ನೇ ಎಳೆಯಿರಿ. ಚೌಕಟ್ಟು ಅದರ ಸುತ್ತ ಬೆಳೆಯಲಿ. ಮೊದಲ ಗೇರಿನಲ್ಲಿ ನಿಮ್ಮ ಚೈನಿನ ಎಳೆತ ಎಷ್ಟು ಕೆ.ಜಿ. ಎಂದು ಲೆಕ್ಕ ಹಾಕಿ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ನಿಮ್ಮ ಕಾಲೇಜಿನ ಮೆಟ್ರಾಲಜಿ ಲ್ಯಾಬಿನ ಬೀರುವಿನಲ್ಲಿ ಡಯಲ್ ಗೇಜ್ ಇದ್ದೇ ಇರುತ್ತದೆ. ಅದನ್ನು ಕೇಳಿ ತನ್ನಿ, ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಬೇರಿಂಗ್ ಗೂಡಿಗೆ ಹಿಡಿದು, ಹಬ್ಬಿಗೆ ಸಲಾಕೆ ಕೊಟ್ಟು ನೇತಾಡಿ ನೋಡಿ.